ಮೂರನೆಯ ಸಾಕ್ಷಿಯ ದನಿ

ಇಪ್ಪತ್ತಾರು ವರ್ಷಗಳಿಂದ ಅವಳು ಕಣ್ಣು ಕಾಣದವರಿಗಾಗಿ ಪುಸ್ತಕ ಓದುತ್ತ ಬಂದಿದ್ದಳು. ಗ್ರಂಥಾಲಯದ ಹಿಂಬದಿಯಲ್ಲಿ ಒಂದು ಪುಟ್ಟ ಕೋಣೆ. ನಾಲ್ಕೂ ಗೋಡೆಗೆ ದಪ್ಪ ಪರದೆ, ಮೇಜಿನ ಮೇಲೆ ಮೈಕು, ಒಂದು ಲೋಟ ನೀರು. ಓದುವಾಗ ಫ್ಯಾನು ಹಾಕುವಂತಿಲ್ಲ, ಸರಬರ ಎನ್ನುವ ಬಟ್ಟೆ ತೊಡುವಂತಿಲ್ಲ. ಹಸಿದು ಕೂರುವಂತೆಯೂ ಇಲ್ಲ. ಹೊಟ್ಟೆಯ ಗೊರಗೊರವನ್ನೂ ಮೈಕು ಬಿಡುವುದಿಲ್ಲ. ಪುಟವನ್ನು ಮಗುಚದೆ ಎರಡು ಬೆರಳಲ್ಲಿ ಎತ್ತಿ, ಉಸಿರು ಹಿಡಿದು, ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ ಆಚೆ ಇಡಬೇಕು. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಎರಡೇ ಮಾತು: ‘ಓದಿ. ಅಭಿನಯಿಸಬೇಡಿ.’

ಕೇಳುಗರು ಅವಳನ್ನು ‘ಓದೋ ಅಕ್ಕ’ ಎನ್ನುತ್ತಿದ್ದರು. ಅವರಿಂದ ಏನನ್ನೂ ಮುಚ್ಚಿಡಲು ಸಾಧ್ಯವಿರಲಿಲ್ಲ. “ಏಳನೇ ಅಧ್ಯಾಯಕ್ಕೆ ನೆಗಡಿ ಹಿಡ್ಕೊಂಡಿತ್ತಲ್ವಾ ಅಕ್ಕಾ?” ಎಂದು ಒಬ್ಬರು ಕೇಳಿದರೆ, “ಹಲ್ಲು ಕಟ್ಟಿಸಿದ್ರಾ? ಮಾತು ಸ್ವಲ್ಪ ಜಾರ್ತಾ ಇದೆ” ಎಂದು ಇನ್ನೊಬ್ಬರು ಕಾಲೆಳೆಯುತ್ತಿದ್ದರು. ಗಂಡ ತೀರಿಕೊಂಡ ತಿಂಗಳಲ್ಲಿ ಅವಳು ಓದಿದ ಪ್ರವಾಸಕಥನವನ್ನು ಕೇಳಿದವರೊಬ್ಬರು, ಏನೂ ವಿಚಾರಿಸದೆ ಒಂದು ಸಾಲಿನ ಕಾಗದ ಕಳಿಸಿದ್ದರು: ‘ನಿಧಾನವಾಗಿ ಓದಿ, ನಮಗೆ ಅವಸರವಿಲ್ಲ.’

ಆ ವರ್ಷ ಅವಳ ಪಾಲಿಗೆ ಬಂದದ್ದು ಒಂದು ವೈಜ್ಞಾನಿಕ ಕಾದಂಬರಿ. ಬೇರೆ ಲೋಕದವರನ್ನು ಕಣ್ಣಾರೆ ಕಂಡೆವು ಎನ್ನುವ ಒಂಬತ್ತು ಜನ. ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಹೇಳಿಕೆ ಬರೆದುಕೊಳ್ಳುವ ಒಬ್ಬ ಅಧಿಕಾರಿ. ಕಂಡದ್ದು ನಿಜವೋ ಸುಳ್ಳೋ ಎಂದು ಪುಸ್ತಕ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಮೂರನೆಯ ಸಾಕ್ಷಿ ರೈಲ್ವೆ ಗೇಟು ಕಾಯುವವನು. ನಡು ಮಧ್ಯಾಹ್ನ ಹಳಿಯ ಮೇಲೆ ಮನೆಯಷ್ಟು ದೊಡ್ಡದೊಂದು ಬಂದು ನಿಂತಿತೆಂದೂ, ತಾನು ರೂಢಿಯಂತೆ ಅದಕ್ಕೂ ಹಸಿರು ಬಾವುಟ ತೋರಿಸಿದೆನೆಂದೂ ಅವನ ಹೇಳಿಕೆ.

ಧ್ವನಿಮುದ್ರಿಕೆಯ ಪ್ರತಿಗಳು ಹೊರಡುವ ಮುನ್ನ ಕೇಳಿ ತಪ್ಪು ಹೇಳುವ ಕೆಲಸ ಬೆತ್ತದ ಕುರ್ಚಿ ಹೆಣೆಯುವವನದು. ಹುಟ್ಟಿನಿಂದಲೇ ಅವನಿಗೆ ದೃಷ್ಟಿ ಇಲ್ಲ. ಕೈಗೆ ಬೆತ್ತ, ಕಿವಿಗೆ ಪುಸ್ತಕ. ಅವನು ಫೋನು ಮಾಡಿದ.

“ಅಕ್ಕಾ, ಒಂದು ಕೇಳ್ತೀನಿ, ಬೈಕೋಬಾರದು. ಆ ಗೇಟಿನವನು ಸುಳ್ಳುಗಾರನಾ?”

“ಯಾಕಪ್ಪ?”

“ಅವನು ಬಾಯಿ ತೆರೆದ ಕಡೆಯೆಲ್ಲ ನಿಮ್ಮ ತುಟಿ ಓರೆ ಆಗಿದ್ದು ಕೇಳಿಸ್ತು. ಸುಳ್ಳುಗಾರ ಅಂತ ಪುಸ್ತಕದಲ್ಲೇ ಇದ್ರೆ ಸರಿ, ಬಿಡಿ. ಇಲ್ದಿದ್ರೆ ತೀರ್ಪು ನಮಗೆ ಬಿಡಿ ಅಕ್ಕಾ.”

ಅವಳು ತನ್ನ ದನಿಯನ್ನು ತಾನೇ ಹಾಕಿ ಕೇಳಿದಳು. ಇತ್ತು. ಒಂದೊಂದು ವಾಕ್ಯದ ಬುಡದಲ್ಲೂ ತೆಳ್ಳಗೆ ಒಂದು ನಗು. ಅದನ್ನು ಅವಳು ಹಿಂದೆ ಒಮ್ಮೆ ನಕ್ಕಿದ್ದಳು. ಎಲ್ಲಿ ಎಂಬುದು ಹೊಳೆದೊಡನೆ ಯಂತ್ರ ಆರಿಸಿದಳು.

ಅವಳ ಅಣ್ಣ ಹವಾಮಾನ ಕೇಂದ್ರದಲ್ಲಿದ್ದ. ದಿನಾ ಒಂದು ಬಿಳಿ ಬೆಲೂನಿಗೆ ಜಲಜನಕ ತುಂಬಿ, ಕೆಳಗೆ ದಾರದಲ್ಲಿ ಅಳತೆಯ ಪೆಟ್ಟಿಗೆ ಕಟ್ಟಿ, ಆಕಾಶಕ್ಕೆ ಬಿಟ್ಟು, ಕಣ್ಮರೆಯಾಗುವ ತನಕ ದುರ್ಬೀನಿನಲ್ಲಿ ಹಿಂಬಾಲಿಸುವ ಕೆಲಸ. ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ದಾಖಲೆ ಪುಸ್ತಕದ ಷರಾ ಕಾಲಮ್ಮಿನಲ್ಲಿ ಬರೆದ: ‘ಬೆಲೂನಿನ ಪಕ್ಕ ಇನ್ನೊಂದು ವಸ್ತು. ಹನ್ನೊಂದು ನಿಮಿಷ. ನಮ್ಮದಲ್ಲ.’ ಮಧ್ಯಾಹ್ನ ಓಡುನಡಿಗೆಯಲ್ಲಿ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳತೊಡಗಿದ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. “ಏನು, ನಿನ್ನ ಬೆಲೂನು ಮರಿ ಹಾಕ್ತಾ ಅಣ್ಣ?” ಎಂದಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನೂ ನಕ್ಕ, ಕೈ ತೊಳೆಯಲು ಹೋದ.

ಆಮೇಲೆ ವಿಚಾರಣೆ ನಡೆಯಿತು. ಆ ಸಾಲನ್ನು ಹೊಡೆದುಹಾಕಿದರೆ ಸಾಕು, ಮಾತು ಅಲ್ಲಿಗೆ ಮುಗಿಯುತ್ತದೆ ಎಂದರು. ಅವನು ಹೊಡೆದುಹಾಕಲಿಲ್ಲ. ಅವನನ್ನು ಕಾಗದ-ಶಾಯಿಯ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಅವನು ಆಕಾಶ ಕಾಣುವ ಕಿಟಕಿಯ ಬಳಿ ಕೂರಲಿಲ್ಲ. ಬೀದಿಯವರು ‘ಬೆಲೂನಣ್ಣ’ ಎಂದು ಹೆಸರಿಟ್ಟರು. ನೀನು ಕಂಡದ್ದೂ ಬೆಲೂನೇ ಎಂದು, ಎರಡು ಸಾವಿರ ಬೆಲೂನು ಬಿಟ್ಟವನಿಗೆ ಎಲ್ಲರೂ ಬುದ್ಧಿ ಹೇಳಿದರು. ಮನೆಯಲ್ಲಿ ಅವನು ಅದರ ಸುದ್ದಿ ಎತ್ತಲಿಲ್ಲ. ವಿಧವೆಯಾಗಿ ಅವಳು ಅವನ ಮನೆ ಸೇರಿ ಒಂಬತ್ತು ವರ್ಷ. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಮಾತಿಗೇನೂ ಬರವಿರಲಿಲ್ಲ. ಆ ಒಂದು ಮಾತಿನ ಸುತ್ತ ಮಾತ್ರ ಇಬ್ಬರೂ ಬಳಸಿಕೊಂಡು ಓಡಾಡುತ್ತಿದ್ದರು.

ಅಧ್ಯಾಯವನ್ನು ಮರುದಿನ ಮತ್ತೆ ಓದಿದಳು. ನಗು ಹೋಯಿತು, ಸಾವಿನ ಸುದ್ದಿ ಓದಿದಂತಾಯಿತು. ಇನ್ನೊಮ್ಮೆ ಓದಿದಳು. ಈಗ ಗೇಟಿನವನು ಕರುಣೆಗೆ ಕೈ ಒಡ್ಡಿದವನಂತೆ ಕೇಳಿಸಿದ. ಐದು ಸಲವಾದರೂ ದನಿ ಸಿಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು.

ಅಣ್ಣ ಜಗಲಿಯಲ್ಲಿ ಕೂತು ಹಳೆಯ ಗಡಿಯಾರ ಬಿಚ್ಚುತ್ತಿದ್ದ. ಅವಳು ಎದುರಿಗೆ ಕೂತಳು.

“ಅಣ್ಣ, ಆವತ್ತು ನೀನು ಕಂಡದ್ದು... ಅದನ್ನ ಹೇಳ್ತೀಯಾ?”

ಅವನ ಕೈ ನಿಂತಿತು. ಚೀಲದಿಂದ ಇಣುಕುತ್ತಿದ್ದ ಪುಸ್ತಕವನ್ನು ನೋಡಿದ.

“ಓದೋಕೆ ಬೇಕಾ, ನಿನಗೆ ಬೇಕಾ?”

ಸುಳ್ಳು ಹೇಳಬಹುದಿತ್ತು. “ಓದೋಕೆ” ಎಂದಳು, ತಲೆ ತಗ್ಗಿಸಿ.

“ಹಾಗಿದ್ರೆ ನೀನೇ ಓದು. ಕೇಳ್ತೀನಿ.”

ಓದಿದಳು. ಹಳಿಯ ಮೇಲೆ ಅದು ಬಂದು ನಿಂತ ಕಡೆ ಬೆರಗಿಗೆಂದು ಒಂದು ಕ್ಷಣ ತಡೆದಳು. ಅವನು ಕೈ ಎತ್ತಿದ.

“ಅಲ್ಲಿ ನಿಲ್ಲಬೇಡ ಕಣೇ. ಕಂಡವನು ಅಲ್ಲಿ ನಿಲ್ಲಲ್ಲ, ಅದು ಅವನಿಗೆ ಗೊತ್ತಿರೋ ವಿಷಯ. ಗಡಿಯಾರ ನೋಡಿ ಹೊತ್ತು ಹೇಳಿದ ಹಾಗೆ ಹೇಳಿಬಿಡ್ತಾನೆ. ಮುಂದೆ ಬಾವುಟದ ಮಾತು ಬರುತ್ತಲ್ಲ, ಅದಕ್ಕೆ ಮುಂಚೆ ನಿಲ್ತಾನೆ.”

“ಯಾಕೆ?”

“ಎಲ್ಲರೂ ನಗೋದು ಅಲ್ಲೇ. ಅದು ಅವನಿಗೆ ಗೊತ್ತು. ಆದ್ರೂ ಹೇಳಬೇಕು.” ಸಣ್ಣ ತಿರುಪುಮೊಳೆಯೊಂದನ್ನು ತಟ್ಟೆಯಲ್ಲಿಟ್ಟ. “ನಾನು ವಿಚಾರಣೆಯಲ್ಲಿ ಐದು ಸಲ ಹೇಳಿದೆ, ಐದು ಸಲವೂ ನಿಂತೆ. ಅದಕ್ಕೂ ಮುಂಚೆ, ಮೊದಲನೇ ಸಲ ಮಾತ್ರ ನಿಂತಿರಲಿಲ್ಲ. ಇಲ್ಲಿ, ಅಡುಗೆಮನೆಯಲ್ಲಿ.”

ಅವಳು ಪುಸ್ತಕ ಮುಚ್ಚಿದಳು. ತಪ್ಪಾಯಿತು ಎನ್ನಲು ಮೂವತ್ತು ವರ್ಷ ತಡವಾಗಿತ್ತು. ಅವನೂ ಅದಕ್ಕಾಗಿ ಕಾಯುತ್ತಿರಲಿಲ್ಲ. ಗಡಿಯಾರದ ಕಡೆ ತಿರುಗಿದ್ದ.

ಬೆಳಿಗ್ಗೆ ಕೋಣೆಯಲ್ಲಿ ಒಂದೇ ಉಸಿರಿಗೆ ಎನ್ನುವ ಹಾಗೆ ಅಧ್ಯಾಯ ಮುಗಿಯಿತು. ಬಾವುಟದ ಮುಂಚೆ ನಿಂತಾಗ, ಆ ಮೌನದಲ್ಲಿ, ನೋಡುವ ಎಲ್ಲರ ಮುಖವೂ ತನ್ನ ಕಡೆಗೇ ತಿರುಗಿದಂತೆ ಅವಳಿಗೆ ಅನ್ನಿಸಿತು. ಸಂಜೆ ಕುರ್ಚಿ ಹೆಣೆಯುವವನು ಫೋನು ಮಾಡಿ, “ಇದನ್ನ ಕಳಿಸಿ ಅಕ್ಕಾ” ಎಂದಷ್ಟೇ ಹೇಳಿದ.

ಅವಳು ಪುಸ್ತಕವನ್ನು ಗ್ರಂಥಾಲಯದಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದಳು. ಅಣ್ಣನ ಎದುರು ಕೂತಳು.

“ಓದೋದು ಮುಗೀತು” ಎಂದಳು. “ಇವತ್ತು ನನಗೆ ಬೇಕು. ನಂಬ್ತೀನೋ ಇಲ್ವೋ, ನನಗೇ ಗೊತ್ತಿಲ್ಲ.”

ಅವನು ಗಡಿಯಾರವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಗಾಳಿ ಯಾವ ದಿಕ್ಕಿನದು, ಮೋಡ ಎಷ್ಟು ಎತ್ತರದಲ್ಲಿತ್ತು, ಬೆಲೂನು ಬಿಟ್ಟದ್ದು ಎಷ್ಟು ಗಂಟೆಗೆ ಎಂದೆಲ್ಲ ಲೆಕ್ಕ ಒಪ್ಪಿಸುವವನಂತೆ ಹೇಳಿದ. ಅದು ಪಕ್ಕದಲ್ಲಿ ಬಂದು ನಿಂತಿತು ಎಂದ, ತಡೆಯದೆ. ಅದರ ಬಣ್ಣ ಹೇಳಿದ. ಆಮೇಲೆ ನಿಂತ.

ಅವಳು ಅಲುಗಾಡಲಿಲ್ಲ.

“ಅದು ದಾರ ನೋಡ್ತಾ ಇತ್ತು ಕಣೇ,” ಅವನೆಂದ. “ಬೆಲೂನಲ್ಲ, ಪೆಟ್ಟಿಗೆಯಲ್ಲ. ಅವೆರಡರ ಮಧ್ಯದ ದಾರ. ಮುಟ್ಟಲಿಲ್ಲ, ಎಳೀಲಿಲ್ಲ. ಹನ್ನೊಂದು ನಿಮಿಷ, ಆ ದಾರವನ್ನೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡ್ತಾ ಇತ್ತು.”

“ಆಮೇಲೆ?” ಎಂದಳು ಅವಳು.