ಬಿಚ್ಚದ ಖಣ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಆ ಕುಪ್ಪಸದ ಖಣದ ಬಣ್ಣ ಹಸಿರು ಎಂದು ನನ್ನ ನೆನಪು. ಅಕ್ಕ ಕುಂಕುಮಗೆಂಪು ಎನ್ನುತ್ತಾಳೆ. ಬಣ್ಣದ ವಿಷಯದಲ್ಲಿ ಸೋಲಲು ನನಗೆ ಅಡ್ಡಿಯಿಲ್ಲ. ಆದರೆ ಅದನ್ನು ನನ್ನ ಕೈಗೆ ಕೊಡುವಾಗ ಅಕ್ಕ ಒಂದು ಮಾತು ಹೇಳಿದಳೋ ಇಲ್ಲವೋ ಎನ್ನುವುದು ಮಾತ್ರ ನನಗೆ ಇತ್ಯರ್ಥವಾಗಬೇಕು. ಆ ಖಣದ ಮಡಿಕೆಯೊಳಗೆ ಅವಳು ಗುಟ್ಟಾಗಿ ಕೂಡಿಸಿದ ದುಡ್ಡಿತ್ತು. ಅದನ್ನು ಕಳೆದವಳು ನಾನು. ಅವಳು ಎಚ್ಚರಿಸದೆ ಕೊಟ್ಟಿದ್ದರೆ ಅದು ನನ್ನ ಅಜ್ಞಾನ. ಎಚ್ಚರಿಸಿಯೂ ನಾನು ಕೇಳಿಸಿಕೊಳ್ಳದೆ ಹೋಗಿದ್ದರೆ, ಅದಕ್ಕೆ ಬೇರೆ ಹೆಸರು ಬೇಕು.

ಆಗ ನಾನು ದುಡ್ಡು ಮುಟ್ಟುವುದನ್ನೇ ಬಿಟ್ಟು ಒಂದು ವರ್ಷದ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ದಿನವಿಡೀ ಕಾಗದಗಳಿಗೆ ಸಹಿ, ಸಂಜೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಏನಾದರೂ ಕೊಳ್ಳುವುದು. ಒಂದು ಭಾನುವಾರ ಬೀರು ತೆಗೆದರೆ ಬೆಲೆಚೀಟಿ ಕಿತ್ತಿರದ ಕುರ್ತಾಗಳು ಮೈಮೇಲೆ ಬಿದ್ದವು. ಆ ಕುರ್ತಾಗಳಿಂದಲೇ ಎಲ್ಲ ಶುರುವಾಯಿತು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ನಿಜವೋ, ಹೇಳಲು ಚೆನ್ನಾಗಿತ್ತೋ, ಈಗ ಗೊತ್ತಿಲ್ಲ. ಕೆಲಸ ಬಿಟ್ಟೆ. ಕೂಡಿಟ್ಟಿದ್ದನ್ನು ಒಂದು ಅನಾಥಾಲಯಕ್ಕೆ ಕೊಟ್ಟೆ. ವಿಶಾಖಪಟ್ಟಣದ ದ್ವಾರಕಾ ನಗರದ ಹಿಂದಿನ ಬೀದಿಯಲ್ಲಿ, ನಿವೃತ್ತ ಶಿಕ್ಷಕ ದಂಪತಿಯ ಮನೆಯ ಮಾಳಿಗೆಯ ಕೋಣೆಗೆ ಬಂದೆ. ಅವರಿಗೆ ಅಡುಗೆ ಮಾಡುವುದು, ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗುವುದು, ಪಿಂಚಣಿಯ ಕಾಗದ ನೋಡಿಕೊಳ್ಳುವುದು. ಬದಲಿಗೆ ಕೋಣೆ ಮತ್ತು ಊಟ. ರೈತು ಬಜಾರಿನಲ್ಲಿ ಬೆಳಿಗ್ಗೆ ಸೊಪ್ಪು ಆರಿಸಿಕೊಟ್ಟರೆ ಮಿಕ್ಕ ತರಕಾರಿ ಸಿಗುತ್ತಿತ್ತು.

ಅನಾಥಾಲಯದ ವಿಷಯ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಎಲ್ಲಾ ಕೊಟ್ಟಿ?"

"ಎಲ್ಲಾ."

"ನನ್ನ ಒಂದು ಮಾತು ಕೇಳಬಾರದಾಗಿತ್ತೇನಽ?"

ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇದು: "ಅಕ್ಕ ಮಧ್ಯಮ ವರ್ಗದ ಭಯದಿಂದ ಇನ್ನೂ ಹೊರಬಂದಿಲ್ಲ." ಅಕ್ಷರ ಚೆನ್ನಾಗಿ, ದುಂಡಗೆ ಇದೆ.

ಅಕ್ಕ ವಿಜಯವಾಡದಲ್ಲಿದ್ದಳು, ಭವಾನಿಪುರಂನಲ್ಲಿ. ಭಾವ ಬ್ಯಾಂಕ್ ಅಧಿಕಾರಿ. ಧಾರವಾಡ ಬಿಟ್ಟ ಮೇಲೆ ಅದು ಅವರ ನಾಲ್ಕನೆಯ ವರ್ಗಾವಣೆ. ಕೆಟ್ಟ ಮನುಷ್ಯರಲ್ಲ. ನಾನು ಹೋಗಿಬರುವ ರೈಲಿನ ಟಿಕೆಟನ್ನು ಪ್ರತಿ ಸಲವೂ ಅವರೇ ತೆಗೆಸುತ್ತಿದ್ದರು, ಬಾಗಿಲಲ್ಲೇ ಅದರ ಬೆಲೆಯನ್ನು ಚೇಷ್ಟೆಯ ಮಾತಿನಲ್ಲಿ ವಸೂಲೂ ಮಾಡುತ್ತಿದ್ದರು.

"ಬರ್ರಿ ಬರ್ರಿ, ಸನ್ಯಾಸಿನಿಯವರ! ಏಸಿ ಡಬ್ಬ್ಯಾಗ ತಪಸ್ಸು ಛಲೋ ಆತೇನ್ರಿ?"

ನಾನೂ ನಗುತ್ತಿದ್ದೆ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ದುಡ್ಡಿಲ್ಲದೆ ಬದುಕಿದೆ ಎಂದು ನಾನು ಹೇಳಿಕೊಳ್ಳುವಾಗ, ನನ್ನ ಬದಲು ಯಾರೋ ಕೊಡುತ್ತಿದ್ದರು ಎಂಬುದನ್ನು ಬಿಟ್ಟು ಹೇಳುತ್ತಿದ್ದೆ.

ಅಕ್ಕನ ಕೈಯಲ್ಲೂ ದುಡ್ಡಿರಲಿಲ್ಲ. ಇದನ್ನು ನಾನು ನೋಡಿದ್ದೆ, ಗಮನಿಸಿರಲಿಲ್ಲ. ನಮ್ಮ ಅವ್ವ ಸಂಸಾರ ನಡೆಸುತ್ತಿದ್ದ ಕಾಲದಲ್ಲಿ ಕಾಯಿಪಲ್ಲೆಯ ದುಡ್ಡಿನಲ್ಲಿ ಉಳಿಸಿ ಸಾಸಿವೆ ಡಬ್ಬಿಯಲ್ಲಿ ಒಂದೊಂದು ನೋಟು ಇಡುವುದಿತ್ತು. ಅಕ್ಕ ಕೊತ್ತಂಬರಿ ಕೊಂಡರೂ ಫೋನಿನಿಂದ ಸ್ಕ್ಯಾನ್ ಮಾಡಬೇಕು, ಖಾತೆ ಭಾವನದು, ಹಣ ಹೋದ ಸದ್ದು ಭಾವನ ಜೇಬಿನಲ್ಲಿ ಆಗುತ್ತಿತ್ತು. "ಏನು, ಇವತ್ತ ಎರಡು ಸಲ ಹಾಲು?" ಎಂದು ಅವರು ಸಂಜೆ ಕೇಳುವುದು ಸಿಟ್ಟಿನಿಂದಲ್ಲ, ಲೆಕ್ಕದವರ ಅಭ್ಯಾಸ. ಅಕ್ಕ ಮಧ್ಯಾಹ್ನ ಅಪಾರ್ಟ್‌ಮೆಂಟಿನ ಹೆಂಗಸರ ಸೀರೆಗಳಿಗೆ ಫಾಲ್ಸ್ ಹಚ್ಚುತ್ತಿದ್ದಳು. ಹೊತ್ತು ಹೋಗಲಿಕ್ಕೆ ಎನ್ನುತ್ತಿದ್ದಳು. ಅವರಿಂದ ನೋಟೇ ಬೇಕು ಎಂದು ಕೇಳಿ ತೆಗೆದುಕೊಳ್ಳುತ್ತಿದ್ದಳೆಂಬುದು ನನಗೆ ತಿಳಿದದ್ದು ಆಮೇಲೆ.

ನಮ್ಮ ಕಡೆ ಮನೆಯಿಂದ ಹೊರಡುವ ಹೆಣ್ಣುಮಗಳಿಗೆ ಕುಂಕುಮ ಹಚ್ಚಿ ಕುಪ್ಪಸದ ಖಣ ಕೊಡದೆ ಕಳಿಸುವುದಿಲ್ಲ. ಹಾಗೆ ಬಂದ ಖಣವನ್ನು ಬಹಳ ಜನ ಹೊಲಿಸುವುದೂ ಇಲ್ಲ. ಪ್ಲಾಸ್ಟಿಕ್ ಹಾಳೆಯೊಳಗೆ, ರಟ್ಟಿನ ಸುತ್ತ ಮಡಿಸಿ ಗುಂಡುಸೂಜಿ ಚುಚ್ಚಿದ್ದು ಹಾಗೆಯೇ ಇನ್ನೊಬ್ಬರ ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರಿಗೆ. ಹೀಗೆ ಊರೂರು ತಿರುಗಿ ಕೊಟ್ಟವರಿಗೇ ಮರಳಿದ ಖಣದ ಕಥೆಗಳು ಎಲ್ಲರ ಮನೆಯಲ್ಲೂ ಇವೆ. ನನಗೆ ಅದು ಬಹಳ ಹಿಡಿಸಿತ್ತು. ಬೆಲೆಯಿಲ್ಲದೆ ವಸ್ತು ಕೈಯಿಂದ ಕೈಗೆ ಹೋಗುವುದು ಎಂದರೆ ಇದೇ ಎಂದು ಎರಡು ಪುಟ ಬರೆದಿದ್ದೇನೆ.

ಆಷಾಢದ ಕೊನೆಯ ದಿನಗಳು, ನಾನು ವಿಜಯವಾಡದಿಂದ ಹೊರಟಿದ್ದೆ. ಕೆಳಗೆ ಭಾವ ಸ್ಕೂಟರ್ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದರು, ನನ್ನನ್ನು ಸ್ಟೇಷನ್ನಿಗೆ ಬಿಡಲು. ಅಕ್ಕ ಕುಂಕುಮ ಹಚ್ಚಿ ಖಣ ಕೊಟ್ಟಳು. ಕೊಟ್ಟ ಮೇಲೆ ಕೈ ಬಿಡಲಿಲ್ಲ. ಇಷ್ಟು ಗಟ್ಟಿಯಾಗಿ ನೆನಪಿದೆ.

ಅಕ್ಕನ ಪ್ರಕಾರ ಅವಳು ಆಗ ಹೇಳಿದ್ದು: "ಇದನ್ನ ನೀನಽ ಹೊಲಿಸ್ಕೋ. ಯಾರಿಗೂ ಕೊಡಬ್ಯಾಡ. ರೂಮಿಗೆ ಹೋಗಿ ಬಿಚ್ಚಿ ನೋಡು."

ಈ ಮಾತು ನನ್ನ ನೆನಪಿನಲ್ಲಿಲ್ಲ. ಆದರೆ ಮೆಟ್ಟಿಲಿಳಿಯುತ್ತ ನಾನು ಹೇಳಿದ್ದು ನೆನಪಿದೆ. "ಹೊಲಿಸಬೇಕಂದ್ರ ದರ್ಜಿಗೆ ದುಡ್ಡು ಕೊಡಬೇಕಲ್ಲಕ್ಕಾ?" ಎಂದು ನಕ್ಕಿದ್ದೆ. ಹೊಲಿಸು ಎಂದು ಅವಳು ಹೇಳದಿದ್ದರೆ ನಾನು ಆ ಉತ್ತರ ಕೊಡುವುದು ಹೇಗೆ? ನನ್ನ ಜಾಣ ಮಾತಷ್ಟೇ ನನಗೆ ಕೇಳಿಸಿದೆ.

ಅಂದಿನ ದಿನಚರಿ ಒಂದೇ ಸಾಲು: "ಇವತ್ತೂ ಒಂದು ರೂಪಾಯಿ ಮುಟ್ಟಲಿಲ್ಲ."

ಶ್ರಾವಣ ಬಂತು. ಮನೆಯ ಟೀಚರಮ್ಮ ವರಲಕ್ಷ್ಮಿ ಪೂಜೆಗೆ ಬಂದ ಹೆಂಗಸರಿಗೆಲ್ಲ ನೆನೆಸಿದ ಕಡಲೆ, ಹಣ್ಣು, ಜಾಕೆಟ್ ಬಟ್ಟೆ ಕೊಡುತ್ತಿದ್ದರು. ನಡುವೆ ಒಳಗೆ ಬಂದು ಪಿಸುಗುಟ್ಟಿದರು: "ಒಕ ಮುಕ್ಕ ತಕ್ಕುವಯ್ಯಿಂದಮ್ಮಾ." ಒಂದು ಬಟ್ಟೆ ಕಡಿಮೆ ಬಿದ್ದಿದೆ. ನಾನು ಮಾಳಿಗೆಗೆ ಓಡಿ ಅಕ್ಕನ ಖಣ ತಂದುಕೊಟ್ಟೆ. ಆ ವರ್ಷವೆಲ್ಲ ಬೇರೆಯವರಿಂದ ತೆಗೆದುಕೊಂಡಿದ್ದ ನನಗೆ ಕೊಡುವ ಅವಕಾಶ ಸಿಕ್ಕಿತೆಂದು ಹಿಗ್ಗಿದ್ದೆ. ಅದನ್ನು ಯಾರು ಒಯ್ದರೆಂದು ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಮತ್ತೆ ವಿಜಯವಾಡಕ್ಕೆ ಹೋದೆ. ಭಾವ ಬ್ಯಾಂಕಿಗೆ ಹೋದದ್ದೇ ಅಕ್ಕ ಪುಂಡಿಪಲ್ಲೆಯ ಕಟ್ಟು ಮುಂದಿಟ್ಟುಕೊಂಡು ಕೂತಳು. ಇಲ್ಲಿಯವರು ಗೋಂಗೂರ ಎಂದರೂ ಅವಳ ಬಾಯಲ್ಲಿ ಅದು ಪುಂಡಿಯೇ.

"ಅದು ಎಲ್ಲೆ ಇಟ್ಟೀ?"

"ಯಾವುದು?"

"ಖಣ."

ಹೇಳಿದೆ. ಸಂತೋಷದಿಂದಲೇ ಹೇಳಿದೆ, ಪೂಜೆಯ ಆ ಶುಕ್ರವಾರದ ಕಥೆಯನ್ನು ಪೂರ್ತಿಯಾಗಿ. ಅವಳ ಕೈ ಎಲೆ ಬಿಡಿಸುತ್ತಲೇ ಇತ್ತು. ಕಥೆ ಮುಗಿದಾಗ ದಂಟನ್ನು ಬುಟ್ಟಿಗೂ ಎಲೆಯನ್ನು ಕಸಕ್ಕೂ ಹಾಕುತ್ತಿದ್ದಳು.

"ಅದರಾಗ ರೊಕ್ಕ ಇತ್ತು," ಅಂದಳು. "ರಟ್ಟಿನ ಹಿಂದ. ಎಲ್ಲಾ ಐನೂರರ ನೋಟು ಮಾಡಿಸಿದ್ದೆ."

ನನಗೆ ಹೊಳೆದದ್ದು ಮೂರ್ಖ ಪ್ರಶ್ನೆ: "ನನ್ನ ಕಡೆ ಯಾಕ ಕೊಟ್ಟಿ? ನಾ ದುಡ್ಡು ಮುಟ್ಟೂದಿಲ್ಲ ಅಂತ ಗೊತ್ತಿತ್ತಲ್ಲಾ?"

"ಅದಕ್ಕಽ ಕೊಟ್ಟೆ. ಬ್ಯಾಂಕಿನವರ ಮನ್ಯಾಗ ಎಲ್ಲೆ ಮುಚ್ಚಿಟ್ರೂ ಸಿಗತದ. ತಮ್ಮನ ಕಡೆ ಕೊಟ್ರ ಖರ್ಚು ಮಾಡ್ತಾನ, ಅವ್ವಗ ಕೊಟ್ರ ನಿಮ್ಮ ಭಾವಗ ಹೇಳ್ತಾಳ. ರೊಕ್ಕದ ಆಸೆ ಇಲ್ಲದಾಕಿ ನೀ ಒಬ್ಬಾಕಿ ಇದ್ದಿ."

ಹೀಗೆಂದು ಅವಳು ಕಸದ ಎಲೆಗಳನ್ನು ಹೆಕ್ಕಿ ತೊಳೆದು ಬೇಯಲು ಇಟ್ಟಳು.

ವಿಶಾಖಪಟ್ಟಣಕ್ಕೆ ಮರಳಿ ಟೀಚರಮ್ಮನ ಜೊತೆ ಮನೆಮನೆಗೆ ಹೋದೆ. ಒಬ್ಬರು ಬಟ್ಟೆಯನ್ನು ಅನಕಾಪಲ್ಲಿಯ ಮಗಳಿಗೆ ಕೊಟ್ಟಿದ್ದರು, ಒಬ್ಬರು ಗೃಹಪ್ರವೇಶಕ್ಕೆ ದಾಟಿಸಿದ್ದರು. ಇನ್ನೊಬ್ಬರು ತಮ್ಮ ಬೀರುವಿನ ಇಡೀ ಗಂಟು ನನ್ನ ಮುಂದೆ ಸುರಿದರು. ಒಂದೊಂದರ ಗುಂಡುಸೂಜಿ ತೆಗೆದು ನೋಡಿದೆ. ರಟ್ಟು, ಬಟ್ಟೆ, ಅಷ್ಟೇ. ಯಾರೋ ಅದನ್ನು ಬಿಚ್ಚಿ ಲಕ್ಷ್ಮಿಯೇ ಕೊಟ್ಟಳೆಂದುಕೊಂಡಿರಬಹುದು. ಯಾರೂ ಬಿಚ್ಚದೆ ಇವತ್ತಿಗೂ ಯಾವುದೋ ಊರಿನಲ್ಲಿ ತಿರುಗುತ್ತಿರಲೂಬಹುದು.

ನಾನು ಕೆಲಸಕ್ಕೆ ಸೇರಿದೆ, ದ್ವಾರಕಾ ನಗರದ ಒಂದು ಕೋಚಿಂಗ್ ಕೇಂದ್ರದಲ್ಲಿ. "ಸನ್ಯಾಸ ಮುಗೀತೇನು?" ಎಂದು ಭಾವ ಫೋನಿನಲ್ಲಿ ನಕ್ಕರು, ನಿಜವಾಗಿ ಸಂತೋಷಪಟ್ಟರು. ಆರು ತಿಂಗಳ ಮೇಲೆ ನೋಟುಗಳನ್ನು ಲಕೋಟೆಯಲ್ಲಿಟ್ಟು ಅಕ್ಕನಿಗೆ ಒಯ್ದೆ. ಎಷ್ಟಿತ್ತು ಎಂದು ಅವಳು ಯಾವತ್ತೂ ಹೇಳಿರಲಿಲ್ಲ. ನನಗೆ ತೋಚಿದಷ್ಟು ಇಟ್ಟಿದ್ದೆ. ಅವಳು ಲಕೋಟೆಯನ್ನು ತೆರೆಯದೆ ನನ್ನ ಚೀಲಕ್ಕೇ ಹಾಕಿದಳು.

"ಇದು ನಿಂದು. ನಂದು ಬ್ಯಾರೆ ಇತ್ತು."

"ರೊಕ್ಕ ರೊಕ್ಕನಽ ಅಲ್ಲೇನಕ್ಕಾ?"

"ಹೌದೇನು? ನೀನಽ ಅಲ್ಲಾ ಅಂತಿದ್ದಿ."

ಈಗ ಅವಳು ಫಾಲ್ಸ್ ಹಚ್ಚುವುದನ್ನು ಬಿಟ್ಟಿದ್ದಾಳೆ. ಕಣ್ಣು ನೋಯುತ್ತದೆ ಎನ್ನುತ್ತಾಳೆ. ಮಧ್ಯಾಹ್ನಗಳಲ್ಲಿ ಮಲಗುತ್ತಾಳೆ, ಹಿಂದೆ ಎಂದೂ ಮಲಗಿದವಳಲ್ಲ. ಭಾವನಿಗೆ ಮತ್ತೆ ವರ್ಗಾವಣೆಯ ಮಾತು ನಡೆದಿದೆ. ಯಾವ ಊರಾದರೇನು ಎಂಬಂತೆ ಡಬ್ಬಿಗಳನ್ನು ಒರೆಸುತ್ತಾಳೆ.

ಹೋದ ತಿಂಗಳು ನಾವಿಬ್ಬರೂ ಕೃಷ್ಣೆಯ ದಂಡೆಗೆ ಹೋಗಿ ಕೂತಿದ್ದೆವು. ಭವಾನಿ ದ್ವೀಪದ ಕಡೆಗೆ ಜನರನ್ನು ತುಂಬಿಕೊಂಡು ದೋಣಿ ಹೊರಟಿತ್ತು. ಅಕ್ಕ ಅದನ್ನೇ ನೋಡುತ್ತಿದ್ದಳು. ಖಣ ಕೊಡುವಾಗ ಅವಳು ಹೇಳಿದ ಮಾತು ನನ್ನ ಕಿವಿಗೆ ಬೀಳಲಿಲ್ಲವೆಂಬುದು ಇರಲಿ, ಕೇಳಬೇಕಾದದ್ದನ್ನೂ ನಾನು ಇಷ್ಟು ದಿನ ಕೇಳಿರಲಿಲ್ಲ. ಅಲ್ಲಿ ಕೇಳಿದೆ. ಅವಳು ಸೆರಗು ಸುತ್ತಿಕೊಂಡು ಎದ್ದು ಮನೆಯ ಕಡೆ ನಡೆದಳು. ಫೋನಿನಲ್ಲಿ ಮತ್ತೆರಡು ಸಲ ಕೇಳಿದ್ದೇನೆ. ಎರಡು ಸಲವೂ ಕುಕ್ಕರ್ ಕೂಗಿತು ಎಂದು ಇಟ್ಟುಬಿಟ್ಟಳು. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಆ ರೊಕ್ಕ ತಗೊಂಡು ನೀ ಎಲ್ಲಿಗೆ ಹೋಗಾಕಿದ್ದಿ?"