ಹಳ್ಳದ ಅಳತೆ ತೆಗೆದ ಟೈಲರ್ ತಾತ

ಟೈಲರ್ ತಾತನ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಒಂದು ಗಂಟಿತ್ತು. ಆ ಸೋಮವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಮೊದಲು ಕಂಡದ್ದು ಆ ಕೈ, ಆಮೇಲೆ ಅದರಲ್ಲಿದ್ದ ಬಟ್ಟೆಯ ಕಟ್ಟು. ಯಜಮಾನರು ತುಮಕೂರಿನ ರೈಲಿಗೆ ಹೊರಟಾಗಿತ್ತು. ನಾನು ಮಗಳ ಹಾಲು ಆರಿಸುತ್ತಾ ಇನ್ನೊಂದು ಒಲೆಯ ಮೇಲೆ ಬಟ್ಟೆ ಕುದಿಸಲು ನೀರಿಟ್ಟಿದ್ದೆ. ಸೋಮವಾರ ಬಿಳಿ ಬಟ್ಟೆಯ ದಿನ. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರ್‌ಗಳು ಹಾಕಿಕೊಟ್ಟ ಅಭ್ಯಾಸ.

"ಇದನ್ನ ಮಧ್ಯಾಹ್ನದವರೆಗೂ ಇಟ್ಕೊಂಡಿರಮ್ಮ," ಎಂದರು. "ನಮ್ಮನೇಲಿ ಇಟ್ರೆ ಉಳಿಯಲ್ಲ. ಹೋದ ವಾರ ಇದನ್ನ ಒಣಹಾಕಿದ್ದ ಹಗ್ಗಾನೇ ಯಾರೋ ಕುಯ್ದವ್ರೆ."

"ಏನಿದೆ ತಾತ ಇದ್ರಲ್ಲಿ?"

"ಅಳತೆ ಕಣಮ್ಮ. ಹಳ್ಳದ್ದು."

ಅಷ್ಟು ಹೇಳಿ, ನೋಯುವ ಮಂಡಿ ಎಳೆದುಕೊಂಡು ಸರ್ಕಾರಿ ಆಫೀಸಿನ ಕಡೆ ಹೊರಟುಹೋದರು.

ಎಪ್ಪತ್ತರ ದಶಕದ ಕೊನೆಯ ಮಾತು. ಗುಬ್ಬಿಯ ಅಂಚಿನ ನಮ್ಮ ಬೀದಿಯ ಹಿಂದೆ ಒಂದು ಸಣ್ಣ ಹಳ್ಳ ಹರಿಯುತ್ತಿತ್ತು. ಕೆಳಗಿನ ಬೀದಿಯವರು ಅದರ ಮರಳಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ಕುಡಿಯಲು ತುಂಬಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಟೈಲರ್ ತಾತ ವಾರಕ್ಕೊಮ್ಮೆ ಮೋರಿಯ ಹತ್ತಿರ ಕೊಡೆ ಬಿಡಿಸಿ, ಅಂಗೈ ಅಗಲದ ಮಲ್ ಬಟ್ಟೆಯ ತುಂಡೊಂದನ್ನು ಕಲ್ಲಿಗೆ ಕಟ್ಟಿ ನೀರಿಗೆ ಬಿಟ್ಟು, ಒಂದು ಗಂಟೆ ಕದಲದೆ ಕೂರುತ್ತಿದ್ದರು. ಆಮೇಲೆ ಅದನ್ನು ಒಣಗಿಸಿ, ಮೂಲೆಯಲ್ಲಿ ಕೆಂಪು ದಾರದಿಂದ ತಾರೀಕು ಹೊಲಿಯುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಸುಮ್ಮನೆ ನಂಬುವ ಜನವಲ್ಲ ಅವರು. ರವಿಕೆ ಹೊಲಿಯಲು ಕೊಟ್ಟು "ಹೋದ ಸಲದ ಅಳತೆಯೇ ಸಾಕು" ಎಂದರೆ, "ನಿಮ್ಮ ಮಾತು ಬೇರೆ, ಟೇಪು ಬೇರೆ" ಎನ್ನುವರು. ಆ ಟೇಪಿನ ಮೇಲೂ ಗುಮಾನಿ. ಎಳೆದೆಳೆದು ಉದ್ದವಾಗಿರುತ್ತದೆಂದು ವರ್ಷಕ್ಕೊಮ್ಮೆ ಶಾಲೆಗೆ ಹೋಗಿ ಮರದ ಸ್ಕೇಲಿಗೆ ಹಿಡಿದು ನೋಡಿ ಬರುತ್ತಿದ್ದರು.

ಅಂಥವರ ಮೇಲೆ ಬೀದಿಗೆಲ್ಲ ಗುಮಾನಿ. ಹಳ್ಳದ ದಂಡೆಯ ಜಾಗ ಹೊಡೆಯಲು ಅಳೆಯುತ್ತಿದ್ದಾರೆ ಎಂದರು ಕೆಲವರು. ಎದುರು ಮನೆಯಾಕೆ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಬಿಳಿ ಬಟ್ಟೆ, ಕೆಂಪು ದಾರ. ನಿಂಬೆಹಣ್ಣೊಂದು ಬಾಕಿ ನೋಡಿ," ಎಂದಿದ್ದರು.

ಕಟ್ಟು ಬಿಚ್ಚಿದೆ. ಹನ್ನೊಂದು ತುಂಡುಗಳು. ಒಂದೆರಡು ಬಿಳುಪು, ಉಳಿದವು ಕಷಾಯದಲ್ಲಿ ಅದ್ದಿದ ಹಾಗೆ ಕಂದು. ಒಂದಕ್ಕೆ ಕೊಳೆತ ವಾಸನೆ. ಮಾಟಮಂತ್ರವನ್ನು ನಾನು ನಂಬುವವಳಲ್ಲ. ಆದರೂ ಮೂರು ವರ್ಷದ ಮಗಳು ಅವನ್ನು ಮುಟ್ಟಲು ಕೈ ಚಾಚಿದಾಗ ಅವಳನ್ನು ದೂರ ಎಳೆದುಕೊಂಡೆ. ಕೊಳೆ ತಾನೇ, ತಾತನಿಗೆ ಉಪಕಾರವೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡು, ಹನ್ನೊಂದನ್ನೂ ಸೋಡಾ ಹಾಕಿ ಕುದಿಸಿ, ಕಲ್ಲಿನ ಮೇಲೆ ಉಜ್ಜಿ, ನೀಲಿಯಲ್ಲಿ ಅದ್ದಿ ಒಣಹಾಕಿದೆ. ಉಪಕಾರವಲ್ಲ, ಹೆದರಿಕೆ. ಅದು ಆಗಲೇ ನನಗೆ ಗೊತ್ತಿತ್ತು.

ಮಧ್ಯಾಹ್ನ ಜೀಪು ಬಂತು. ತಾತ ಹೆಲ್ತ್ ಇನ್‌ಸ್ಪೆಕ್ಟರನ್ನು ಕರೆತಂದಿದ್ದರು.

"ಮೇಲ್ಗಡೆ ನಾರಿನ ಶೆಡ್ಡಿನವರು ತೆಂಗಿನ ಮಟ್ಟೆ ಕೊಳೆಹಾಕಿದ ನೀರನ್ನ ಹಳ್ಳಕ್ಕೆ ಬಿಡ್ತಾರೆ ಸಾರ್. ಆಫೀಸರು ಬರೋ ದಿನ ತೂಬು ಮುಚ್ಕೋತಾರೆ. ಅದಕ್ಕೇ ವಾರವಾರದ್ದೂ ಹಿಡಿದಿಟ್ಟಿದೀನಿ," ಎನ್ನುತ್ತಾ ನನ್ನತ್ತ ಕೈ ಚಾಚಿದರು.

ನಾನು ಮಡಿಸಿದ ಬಟ್ಟೆ ಕೊಟ್ಟೆ. ಹೊಲಿದ ತಾರೀಕು ಮಾತ್ರ ಉಳಿದಿತ್ತು.

ಇನ್‌ಸ್ಪೆಕ್ಟರ್ ಒಂದನ್ನು ಎತ್ತಿ ಹಿಡಿದರು. "ಏನ್ರೀ ಟೈಲರ್, ಯಾರ ಮದ್ವೆಗೆ ಕರ್ಚೀಫು?"

ತಾತ ಒಂದೊಂದನ್ನೇ ತಿರುವಿ ನೋಡಿದರು. ನನ್ನ ಮುಖ ನೋಡಲಿಲ್ಲ. "ನಾನೇ ಒಗೆಸ್ಬುಟ್ಟೆ ಸಾರ್. ವಯಸ್ಸಾಯ್ತು, ತಲೆ ಓಡ್ಲಿಲ್ಲ."

"ಮೂರು ತಿಂಗಳು ಬಿಟ್ಟು ಈ ಕಡೆ ಬರ್ತೀನಿ. ಆಗ ಏನಾದ್ರೂ ಇದ್ರೆ ತೋರ್ಸಿ," ಎಂದು ಜೀಪು ಹತ್ತಿದರು.

ಅಂದರೆ ಕೆಳಗಿನ ಬೀದಿಯವರು ಇನ್ನೂ ಮೂರು ತಿಂಗಳು ಅದೇ ನೀರು ಕುಡಿಯಬೇಕು.

"ಮಾಟ ಅಂದ್ಕೊಂಡೆ ತಾತ," ಎಂದೆ.

"ಕಾನ್ವೆಂಟಲ್ಲಿ ಓದಿದೋರೂ?" ಎಂದು ಸ್ವಲ್ಪ ನಕ್ಕರು. ಸಿಟ್ಟಿರಲಿಲ್ಲ ಎಂದೇನಿಲ್ಲ, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. "ನಾನೂ ಬಾಯಿಬಿಟ್ಟು ಹೇಳ್ಬೇಕಿತ್ತು. ಹೇಳಿದ್ರೆ ಯಾರು ಶೆಡ್ಡಿಗೆ ಸುದ್ದಿ ಮುಟ್ಟಿಸ್ತಾರೋ ಅನ್ನೋ ಅನುಮಾನ. ನಿಮ್ಮ ಮೇಲೂ ಇತ್ತು ಅನ್ಕೊಳ್ಳಿ." ಒಂದು ತುಂಡನ್ನು ನನಗೇ ಕೊಟ್ಟರು. "ನನ್ನ ಮಂಡಿ ಇವತ್ತು ಬಗ್ಗಲ್ಲ. ನೀವೇ ಅದ್ದಿ."

ಜೀಪು ಹೋಗಿ ಗಂಟೆಯೂ ಆಗಿರಲಿಲ್ಲ. ನಾನು ಮೋರಿಯ ಬಳಿ ಕೂತು ನೋಡುತ್ತಿದ್ದಂತೆಯೇ ತಿಳಿಯಾಗಿದ್ದ ನೀರು ಅಂಚಿನಿಂದ ಕಂದಾಗುತ್ತಾ ಬಂದು, ಬಟ್ಟೆಯನ್ನು ಮುಚ್ಚಿತು.

ಮುಂದೆ ಮೂರು ತಿಂಗಳು ತಾತನ ಜೊತೆ ನಾನೂ ಕೂತೆ. ಎರಡನೆಯ ಸಲ ಬಂದ ಇನ್‌ಸ್ಪೆಕ್ಟರ್ ಬಟ್ಟೆಗಳನ್ನು ಸಾಲಾಗಿ ಹಾಸಿ ನೋಡಿದರು, ನಗಲಿಲ್ಲ. ಶೆಡ್ಡಿನವರು ಹಳ್ಳದಿಂದ ದೂರ ಬೇರೆ ಗುಂಡಿ ತೋಡಬೇಕಾಯಿತು. ತಾತ ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ತೀರಿಕೊಂಡರು. ಆ ಬಟ್ಟೆ ಒಗೆದವರು ಯಾರೆಂದು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಅರಳುಮರಳು ಎಂದು ಬೀದಿ ಆಡಿಕೊಂಡದ್ದನ್ನು ತಾವೇ ಹೊತ್ತುಕೊಂಡರು. ಆ ಋಣವನ್ನು ಇಷ್ಟು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಆ ಸೋಮವಾರ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ಕಂದುಬಣ್ಣದ ತುಂಡನ್ನು ನಮ್ಮ ಮನೆಯ ಹಗ್ಗದ ಮೇಲೆ ಹರವಿ, ಸೂಜಿಗೆ ಕೆಂಪು ದಾರ ಪೋಣಿಸುತ್ತಿದ್ದೆ. ಎದುರು ಮನೆಯಾಕೆ ಅಕ್ಕಿ ಆರಿಸುತ್ತಾ ಜಗಲಿಯ ಮೇಲೆ ಕೂತಿದ್ದರು. ನಮ್ಮ ಅಂಗಳಕ್ಕೆ ಆಡಲು ಬಂದಿದ್ದ ತಮ್ಮ ಮಗಳನ್ನು, ಮೊರದಿಂದ ಕಣ್ಣೆತ್ತದೆಯೇ ಕರೆದರು.

"ಬಾರೇ ಈ ಕಡೆ. ಆಂಟಿ ಮನೇಲಿ ಏನೂ ಮುಟ್ಟಬೇಡ."