ಪೊರೆಗಣ್ಣಿಗೆ ಕಂಡ ಚಂದ್ರಾಮನ ಕಾಡು

ಚಂದ್ರಾಮನ ಹೆಸರು ನಾನು ಮೊದಲು ಕೇಳಿದ್ದು ಎರಡು ಸಾವಿರದ ಒಂಬತ್ತರಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನ ನಲ್ಲಿಯ ಮುಂದೆ. ಪಕ್ಕದ ಖೋಲಿಗೆ ಹೊಸದಾಗಿ ಬಂದ ನಾಗವೇಣಿ ಕೊಡ ತುಂಬಿಸುತ್ತ, "ನನ್ನ ತಮ್ಮ ಚಂದ್ರಾಮ ವಾಶಿಯೊಳಗ ಕಾರ್ಟೂನ್ ಮಾಡೋ ಕಂಪನ್ಯಾಗ ಅದಾನ. ಕಂಪ್ಯೂಟರಿನ್ಯಾಗ ಕಾಡು ಬರೀತಾನ" ಅಂದಳು.

"ಗುಂಡಿ ಒತ್ತಿದ್ರ ಅದ ಬರೀತೈತಿ. ಇವಗ್ಯಾಕ ಪಗಾರ?" ಅಂದೆ. ಎರಡನೇ ಇಯತ್ತೆ ಓದಿದವಳ ಧಿಮಾಕು ಅದು.

ಒಂದು ರವಿವಾರ ಅವರ ಖೋಲಿಗೆ ರೊಟ್ಟಿ ಕೊಡಲು ಹೋದಾಗ ಚಂದ್ರಾಮ ಕಂಪ್ಯೂಟರಿನ ಪರದೆಯ ಮುಂದೆ ಮುಖ ಇಳಿಬಿಟ್ಟು ಕೂತಿದ್ದ. ಅವನ ಕಾಡನ್ನು ಸಾಹೇಬರು ಮೂರು ಸಲ ತಿರುಗಿಸಿ ಕಳಿಸಿದ್ದರು. ಇನ್ನೊಂದು ಸಲ ತಿರುಗಿ ಬಂದರೆ ನೌಕರಿ ಇಲ್ಲ.

"ಇದೇನೋ, ಗ್ವಾಡಿಗಿ ಮೆಂತ್ಯಪಲ್ಯೆ ಮೆತ್ತಿದಂಗ ಐತಿ!"

"ಆಯಿ, ಒಂದೊಂದು ಎಲಿ ತಿದ್ದಾಕ ಹದಿನೈದು ದಿನ ಹಿಡೀತು."

"ನನಗ ಒಂದ ಎಲೀನೂ ಕಾಣವಲ್ದು."

ಬಾಯಿ ತಪ್ಪಿ ನಿಜ ಹೊರಬಿತ್ತು. ಎರಡೂ ಕಣ್ಣಿಗೆ ಪೊರೆ ಬಂದದ್ದನ್ನು ಚಾಳಿನವರಿಂದೆಲ್ಲ ಮುಚ್ಚಿಟ್ಟು ಮೆರೆಯುತ್ತಿದ್ದೆ. ಚಂದ್ರಾಮ ನಗಲಿಲ್ಲ. ತಾನೂ ಕಣ್ಣು ಅರೆ ಮುಚ್ಚಿ ಚಿತ್ರ ನೋಡಿದ. ಆಮೇಲೆ ದೂರದ ಗಿಡಗಳನ್ನು ಹೊಗೆಯ ಬಣ್ಣಕ್ಕೆ ತಂದ. ನಡುವಿನವನ್ನು ಕಪ್ಪು ಗುಂಪು ಮಾಡಿದ. ಮುಂದಿನ ಟೊಂಗೆಯಲ್ಲಿ ಮಾತ್ರ ನಾಲ್ಕು ಎಲೆ ಉಳಿಸಿದ.

"ಈಗ?"

"ಈಗ ಒಳಗ ಹೋಗಾಕ ದಾರಿ ಐತಿ. ಆದ್ರ ಹುಲಿ ಇರಬೌದು, ನಾ ಒಲ್ಲೆ."

ಆ ಕಾಡು ಪಾಸಾಯಿತು. ಅಂದಿನಿಂದ ನನಗೆ ತೋರಿಸದೆ ಅವನ ಯಾವ ಕಾಡೂ ವಾಶಿಗೆ ಹೋಗಲಿಲ್ಲ. ನಾನೋ, ದೊಡ್ಡ ಪರೀಕ್ಷಕಳಂತೆ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ. ಒಮ್ಮೆ, "ಇಷ್ಟು ಚಂದ ನೀ ಎಂದೂ ಬರದಿಲ್ಲ" ಎಂದು ಹೊಗಳಿದೆ. ನಾಗವೇಣಿ ಬಂದು ಪರದೆಯ ಮೇಲೆ ಒಣಹಾಕಿದ್ದ ಹಸಿರು ಟವೆಲ್ ತೆಗೆದುಕೊಂಡು ಹೋದಳು.

ಮೂರು ವರ್ಷದ ಮೇಲೆ, ಬೀಗರ ಚಹಾಕ್ಕೆ ನಾನು ಉಪ್ಪು ಹಾಕಿದ್ದೇ ತಡ, ನಾಗವೇಣಿ ನನ್ನನ್ನು ಉಲ್ಹಾಸನಗರದ ಕಣ್ಣಿನ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಸೋಮವಾರ ಬಲಗಣ್ಣು, ಹದಿನೈದು ದಿನ ಬಿಟ್ಟು ಎಡಗಣ್ಣು ಎಂದು ಆಪರೇಶನ್ನು ನಿಕ್ಕಿಯಾಯಿತು. ಚಂದ್ರಾಮನ ಕೈಯಲ್ಲಿ ಆಗ ಒಂದು ಇಡೀ ಸಿನಿಮಾದ ಕಾಡಿತ್ತು. ಅದು ಒಪ್ಪಿಗೆಯಾದರೆ ನೌಕರಿ ಕಾಯಂ. ಮುಗಿಸಲು ಇನ್ನೂ ಒಂದು ತಿಂಗಳು ಬೇಕು.

ರವಿವಾರ ಸಂಜೆ ಬಂದವನು ಕೂರಲಿಲ್ಲ, ಹೊಸ್ತಿಲಲ್ಲೇ ತಲೆ ಕೆರೆದುಕೊಂಡ. ಅವನು ನನ್ನ ಹತ್ತಿರ ಏನಾದರೂ ಬೇಡಿದ್ದು ಅದೇ ಕೊನೆ; ಕಣ್ಣು ತಿಳಿಯಾದ ಮುದುಕಿಯಿಂದ ಆಮೇಲೆ ಅವನಿಗೆ ಏನಾಗಬೇಕು?

"ಆಯಿ, ಬಲಗಣ್ಣು ನಿಶ್ಚಿಂತಿಯಿಂದ ಮಾಡಿಸ್ಕೊ. ಎಡಗಣ್ಣು ಮಾತ್ರ ಈ ಕಾಡು ಮುಗಿಯೋತನಕ ನನಗ ಬಿಡ್ತಿಯೇನು?"